ಜಾರುಬಂಡಿ ಗುಡ್ಡದ ಎರಡನೇ ಕುರ್ಚಿ

ಟೆಕ್ಸಾಸಿನಲ್ಲಿ ಹಿಮ ಬೀಳುವುದೇ ಅಪರೂಪ. ಬಿದ್ದರೆ ಕರೆಂಟು ಹೋಗುತ್ತದೆ, ನಲ್ಲಿಯ ಪೈಪು ಒಡೆಯುತ್ತದೆ, ಅಂಗಡಿಯಲ್ಲಿ ಹಾಲು ಬ್ರೆಡ್ಡು ಖಾಲಿಯಾಗುತ್ತದೆ, ಜನ ರಗ್ಗು ಹೊದ್ದು ಕಾರಿನಲ್ಲಿ ಕೂತು ಫೋನು ಚಾರ್ಜ್ ಮಾಡಿಕೊಳ್ಳುತ್ತಾರೆ. ಅಂಥ ಸೀಮೆಯಲ್ಲಿ ಒಬ್ಬ ಪುಣ್ಯಾತ್ಮ ಸ್ಕೀ ಹಾರುವುದಕ್ಕೆಂದು ನೂರಿಪ್ಪತ್ತು ಅಡಿ ಎತ್ತರದ ಕಬ್ಬಿಣದ ಗೋಪುರ ಕಟ್ಟಿದ್ದ ಎಂದರೆ ಯಾರು ನಂಬುತ್ತಾರೆ? ಗೋವಿಂದರಾಜು ಕೂಡ ನಂಬಿರಲಿಲ್ಲ. ಕಣ್ಣಾರೆ ನೋಡಿದ ಮೇಲೆ ನಂಬಿದರು, ನಂಬಿದ ಮೇಲೆ ವರ್ಷ ವರ್ಷವೂ ಅದರ ಬುಡದಲ್ಲಿ ಕೂತು ಪುಳಿಯೋಗರೆ ತಿಂದರು, ಕೊನೆಗೆ ಅದು ನೆಲಕ್ಕೆ ಬೀಳಲು ತಾವೇ ಕಾರಣರಾದರು. ಈ ಕೊನೆಯ ಮಾತು ಅವರದೇ. ಹೆಂಡತಿ ಅನುರಾಧಾ ಇದನ್ನು ಒಪ್ಪುವುದಿಲ್ಲ. "ನೀವೇನು ಗುದ್ದಲಿ ಹಿಡ್ಕೊಂಡು ಹೋಗಿದ್ರಾ?" ಎನ್ನುತ್ತಾರೆ. ಗುದ್ದಲಿ ಬೇಕಿಲ್ಲ, ಬಾಯಿ ಸಾಕು ಎಂಬುದು ಗೋವಿಂದರಾಜುಗೆ ಈಗ ಚೆನ್ನಾಗಿ ಗೊತ್ತಾಗಿದೆ.

ಗೋವಿಂದರಾಜು ಮೂಲತಃ ಮೈಸೂರಿನವರು. ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ಮನೆ ಮಾಡಿ ಇಪ್ಪತ್ತಾರು ವರ್ಷವಾಯಿತು. ರಿಫೈನರಿಗಳ ಚಿಮಣಿ, ಗೋಪುರ, ಟ್ಯಾಂಕುಗಳನ್ನು ಪರೀಕ್ಷಿಸಿ, ಇದು ಇನ್ನೆಷ್ಟು ವರ್ಷ ನಿಲ್ಲುತ್ತದೆ, ಇದನ್ನು ಯಾವಾಗ ಕೆಡವಬೇಕು ಎಂದು ಬರೆದು ಸೀಲು ಹಾಕಿಕೊಡುವ ಇಂಜಿನಿಯರು. ಯಂತ್ರಗಳು ಎಷ್ಟೇ ಬಂದಿರಲಿ, ಅವರು ಮೊದಲು ಕೈಗೆತ್ತಿಕೊಳ್ಳುವುದು ಒಂದು ಸಣ್ಣ ಸುತ್ತಿಗೆಯನ್ನು. ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಕಬ್ಬಿಣವನ್ನು ತಟ್ಟಿ, ಕಿವಿಗೊಟ್ಟು ಕೇಳುತ್ತಾರೆ. "ಕಬ್ಬಿಣ ಸುಳ್ಳು ಹೇಳಲ್ಲ, ನಾವು ಕೇಳಿಸ್ಕೋಬೇಕು ಅಷ್ಟೇ" ಎಂದು ಹೊಸಬರಿಗೆ ಪಾಠ ಹೇಳುತ್ತಾರೆ. ಹೇಳುವುದು ಸುಲಭ ಬಿಡಿ.

ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಕನ್ನಡಿಗರು ಸೇರಿ ಯುಗಾದಿ ಕಳೆದ ಮೇಲೆ ಒಂದು ಪಿಕ್ನಿಕ್ ಮಾಡೋಣ ಎಂದು ಹೊರಟಾಗ ಮೊದಲು ಬಂದದ್ದು ಜಾಗದ ಜಗಳ. ಡಾಲಸ್ಸಿನವರಿಗೆ ಹ್ಯೂಸ್ಟನ್ ದೂರ, ಹ್ಯೂಸ್ಟನ್ನಿನವರಿಗೆ ಡಾಲಸ್ ದೂರ, ಆಸ್ಟಿನ್ನಿನವರಿಗೆ ಬೆಳಿಗ್ಗೆ ಹತ್ತಕ್ಕೆ ಮೊದಲು ಎಲ್ಲವೂ ದೂರ. ಆಗ ಡಾಲಸ್ ಕೂಟದ ಕಾರ್ಯದರ್ಶಿ ಪ್ರತಾಪ್ ಇಂಟರ್ನೆಟ್ಟಿನಲ್ಲಿ ಹುಡುಕಿ ವೇಕೋ ಊರಿನ ಪಶ್ಚಿಮಕ್ಕೆ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಒಂದು ಜಾಗ ಹಿಡಿದ. ನೆರಳಿದೆ, ಪಾರ್ಕಿಂಗ್ ಇದೆ, ಬಾತ್‌ರೂಮ್ ಇದೆ, ಜೊತೆಗೆ ಏನೋ ಒಂದು ಹಳೇ ಟವರ್ ಇದೆ ಎಂದು ಮೆಸೇಜು ಹಾಕಿದ. ಆ ಮೊದಲ ವರ್ಷ ಹುಬ್ಬಳ್ಳಿಯಿಂದ ಬಂದಿದ್ದ ಅವನ ತಾಯಿ ಸುಮಿತ್ರವ್ವ ಕಾರಿನಿಂದ ಇಳಿದವರೇ ಕತ್ತೆತ್ತಿ, ಸೆರಗು ಹಣೆಗೆ ಅಡ್ಡ ಹಿಡಿದು ನೋಡಿದರು.

"ಯವ್ವಾ, ಇಷ್ಟ್ ಎತ್ತರದ ಜಾರುಬಂಡಿ ಯಾವ ಕೂಸಿಗೆ ಕಟ್ಯಾರ್ರೀ?" ಎಂದರು.

ಅವತ್ತಿನಿಂದ ಅದಕ್ಕೆ ಜಾರುಬಂಡಿ ಎಂದೇ ಹೆಸರಾಯಿತು. "ಈ ಸಲ ಜಾರುಬಂಡಿ ಯಾವ ಶನಿವಾರ?" ಎಂದು ಶುಗರ್ ಲ್ಯಾಂಡ್ ಊರಿನ ದೊಡ್ಡ ದೊಡ್ಡ ಡಾಕ್ಟರರು ಕೂಡ ಕೇಳುವಷ್ಟು.

ಜಾಗದ ಒಡತಿ ಮಿಸ್ ಆಲ್ಮಾ. ಆಗಲೇ ಎಪ್ಪತ್ತರ ಹತ್ತಿರ, ಒಂಟಿ ಜೀವ, ಗುಡ್ಡದ ಬುಡದಲ್ಲಿ ಬಿಳಿ ಬಣ್ಣದ ಮರದ ಮನೆ, ಜಗುಲಿಯಲ್ಲಿ ಎರಡು ಮಡಚುವ ಕುರ್ಚಿ. ಪಿಕ್ನಿಕ್ಕಿನ ಗದ್ದಲ ಗೋವಿಂದರಾಜುಗೆ ಅಷ್ಟಕ್ಕಷ್ಟೆ. ಅಂತ್ಯಾಕ್ಷರಿ ಶುರುವಾಯಿತೆಂದರೆ ಮೆಲ್ಲಗೆ ಎದ್ದು ಆ ಜಗುಲಿಗೆ ಹೋಗಿ ಎರಡನೇ ಕುರ್ಚಿಯಲ್ಲಿ ಕೂರುತ್ತಿದ್ದರು. ಆಲ್ಮಾ ಕೊಡುತ್ತಿದ್ದ ಕಾಫಿ ಕಾಫಿಯೇ ಅಲ್ಲ, ಬಿಸಿನೀರಿಗೆ ಕಾಫಿಯ ನೆನಪಾದ ಹಾಗೆ. ಆದರೂ ಕುಡಿಯುತ್ತಿದ್ದರು, ಏಕೆಂದರೆ ಅದರ ಜೊತೆಗೆ ಗೋಪುರದ ಕತೆ ಸಿಗುತ್ತಿತ್ತು.

ನೂರೈವತ್ತು ವರ್ಷದ ಹಿಂದೆ ನಾರ್ವೆಯಿಂದ ಬಂದ ಜನ ಆ ಗುಡ್ಡಗಳಲ್ಲಿ ನೆಲೆಸಿದ್ದರು. ಆಲ್ಮಾರ ತಂದೆ ಆ ಪೈಕಿ. ಮೇಕೆ ಸಾಕುವ ಮನುಷ್ಯ, ಹಿಮವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದವರು. ಆದರೆ ಅವರ ಅಜ್ಜ ನಾರ್ವೆಯಲ್ಲಿ ಕಾಲಿಗೆ ಎರಡು ಉದ್ದನೆಯ ಹಲಗೆ ಕಟ್ಟಿಕೊಂಡು, ಎತ್ತರದಿಂದ ಜಾರಿ ಬಂದು, ಅಂಚಿನಲ್ಲಿ ಗಾಳಿಗೆ ನೆಗೆದು, ಅಷ್ಟು ದೂರ ಹೋಗಿ ಇಳಿಜಾರಿನಲ್ಲಿ ಇಳಿಯುತ್ತಿದ್ದರಂತೆ. ಆ ಕತೆ ಕೇಳಿ ಕೇಳಿ ತಂದೆಗೆ ಹುಚ್ಚು ಹಿಡಿದಿತ್ತು. ಯುರೋಪಿನಲ್ಲಿ ಹಿಮವಿಲ್ಲದ ಕಾಲದಲ್ಲಿ ಪ್ಲಾಸ್ಟಿಕ್ ಚಾಪೆ ಹಾಸಿ ಹಾರುತ್ತಾರೆ ಎಂದು ಯಾವುದೋ ಪತ್ರಿಕೆಯಲ್ಲಿ ಓದಿದರು. ಪೊರಕೆ ಕಡ್ಡಿಯಂಥ ಎಳೆಗಳ ಚಾಪೆ, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಹಾಸಿ ನೀರು ಹನಿಸಿದರೆ ಸ್ಕೀ ಸರ್ರನೆ ಜಾರುತ್ತದೆ. ಸರಿ, ಮೇಕೆ ಮಾರಿದರು, ಹಳೆಯ ಎಣ್ಣೆಬಾವಿಯ ಕಬ್ಬಿಣ ಕೊಂಡರು, ನಾಲ್ಕು ವರ್ಷ ಹೆಣಗಿ ಗೋಪುರ ಎಬ್ಬಿಸಿದರು. ಊರಿನವರು ನಕ್ಕು ಸುಸ್ತಾದರು.

ಮೊದಲ ದಿನ ಯಾರು ಹಾರಬೇಕು ಎಂಬ ಪ್ರಶ್ನೆ ಬಂದಾಗ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಹದಿನೇಳರ ಆಲ್ಮಾ ಮೇಲೆ ಹತ್ತಿ, ಹಲಗೆ ಕಟ್ಟಿಕೊಂಡು, ಹಾರಿಯೇಬಿಟ್ಟರು. ತಂದೆ ಟೇಪು ಹಿಡಿದು ಅಳೆದರೆ ನೂರ ನಲವತ್ತೊಂದು ಅಡಿ. ಆಮೇಲೆ ಹದಿನಾಲ್ಕು ವರ್ಷ ಅಲ್ಲಿ ಪಂದ್ಯಗಳು ನಡೆದವು, ಎಲ್ಲೆಲ್ಲಿಂದಲೋ ಹುಡುಗರು ಬಂದರು. ಹೆಣ್ಣುಮಕ್ಕಳಿಗೆ ಪಂದ್ಯದಲ್ಲಿ ಜಾಗವಿರಲಿಲ್ಲ. ಒಲಿಂಪಿಕ್ಸಿನಲ್ಲೇ ಹೆಂಗಸರನ್ನು ಹಾರಲು ಬಿಟ್ಟದ್ದು ಮೊನ್ನೆ ಮೊನ್ನೆ, ಎರಡು ಸಾವಿರದ ಹದಿನಾಲ್ಕರಲ್ಲಿ. ಗೋಪುರದ ಬುಡದಲ್ಲಿ ತೂಗುಹಾಕಿದ್ದ ದಾಖಲೆಯ ಹಲಗೆಯ ಮೇಲೆ ಯಾರೋ ಒಬ್ಬ ಹುಡುಗನ ಹೆಸರು, ಮುಂದೆ ನೂರ ಮೂವತ್ತೆಂಟು ಅಡಿ.

"ನಿಮ್ಮದು ಮೂರಡಿ ಜಾಸ್ತಿ ಅಲ್ವಾ? ಯಾಕೆ ಬರೀಲಿಲ್ಲ?" ಎಂದು ಗೋವಿಂದರಾಜು ಒಮ್ಮೆ ಕೇಳಿದ್ದರು.

"ಅಪ್ಪ ಬರೀತೀನಿ ಅಂತಿದ್ದರು, ತೀರ್ಪುಗಾರರು ಹೋದ ಮೇಲೆ ಬರೀತೀನಿ ಅಂತ. ಆಮೇಲೆ ಅಪ್ಪನೇ ಹೋದರು" ಎಂದರು ಆಲ್ಮಾ.

ಒಬ್ಬ ಹುಡುಗ ಬಿದ್ದು ಸೊಂಟ ಮುರಿದುಕೊಂಡ ಮೇಲೆ ವಿಮೆಯವರು ಕೈಯೆತ್ತಿದರು, ಸ್ಕೀ ನಿಂತಿತು. ಆದರೆ ಗೋಪುರ ಸುಮ್ಮನೆ ನಿಲ್ಲಲಿಲ್ಲ, ಪಾಪ, ಏನೇನೋ ಚಾಕರಿ ಮಾಡಿತು. ಅದರ ಬೆನ್ನಿಗೆ ಬಿಳಿ ಪರದೆ ಕಟ್ಟಿ ಕಾರಿನಲ್ಲಿ ಕೂತು ನೋಡುವ ಸಿನಿಮಾ ತೋರಿಸಿದರು. ಈಸ್ಟರ್ ದಿನ ಬೆಳಗಿನ ಜಾವದಲ್ಲಿ ಚರ್ಚಿನವರು ಇಳಿಜಾರಿನಲ್ಲಿ ಕೂತು ಪ್ರಾರ್ಥನೆ ಮಾಡಿದರು. ಸೈನ್ಯಕ್ಕೆ ಸೇರುವ ಹುಡುಗರು ಹಗ್ಗ ಕಟ್ಟಿ ಇಳಿಯುವುದನ್ನು ಕಲಿತರು. ಸುಂಟರಗಾಳಿ ಬಂದರೆ ಕೂಗುವ ಸೈರನ್ನನ್ನು ಕೌಂಟಿಯವರು, ಅಂದರೆ ಜಿಲ್ಲಾಡಳಿತದವರು, ಅದರ ನೆತ್ತಿಗೆ ಕೂರಿಸಿದರು. ಎಲ್ಲ ಮುಗಿದ ಮೇಲೆ ಕನ್ನಡಿಗರು ಬಂದರು. ಚಾಪೆ ಕಿತ್ತುಹೋಗಿ ಹುಲ್ಲು ಬೆಳೆದಿದ್ದ ಆ ಇಳಿಜಾರಿನಲ್ಲಿ ನಮ್ಮ ಮಕ್ಕಳು ರಟ್ಟಿನ ಪೆಟ್ಟಿಗೆಯ ಮೇಲೆ ಕೂತು, ಚಡ್ಡಿ ಹರಿಯುವವರೆಗೂ ಜಾರಿದರು. ಗೋವಿಂದರಾಜು ಮಗಳು ಇಂಚರಾ ಹತ್ತು ವರ್ಷದವಳಾಗಿದ್ದಾಗ ಅಲ್ಲಿ ಮುಂಗೈ ತರಚಿಕೊಂಡ ಗುರುತು ಇನ್ನೂ ಇದೆ. ಮಕ್ಕಳ ಕಿರುಚಾಟ ಕೇಳುತ್ತ ಆಲ್ಮಾ, "ಅಪ್ಪ ಇರಬೇಕಿತ್ತು" ಎಂದು ಪ್ರತಿ ವರ್ಷವೂ ಅದೇ ಮಾತು ಹೇಳುತ್ತಿದ್ದರು.

ಇನ್ನು ಹೊರಡುವ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲ ಕೆಟ್ಟದ್ದು ಇಲ್ಲೇ. ಗೋವಿಂದರಾಜು ಆಫೀಸಿನಲ್ಲಿ ಎಲ್ಲರ ಹಾಗೆ ಬೈ ಎನ್ನುತ್ತಾರೆ, ಸೀ ಯು ಎನ್ನುತ್ತಾರೆ. ಆದರೆ ಹಿರಿಯರ ಮನೆಯಲ್ಲಿ ಕಾಫಿ ಕುಡಿದು, ಹೊಸಿಲಾಚೆ ಚಪ್ಪಲಿಗೆ ಕಾಲು ತೂರಿಸಿದರೋ, ನಾಲಗೆ ತಾನಾಗಿ ಮೈಸೂರಿಗೆ ಹೋಗಿಬಿಡುತ್ತದೆ. ಚಿಕ್ಕಂದಿನಲ್ಲಿ ಒಮ್ಮೆ "ಹೋಗ್ತೀನಿ ಅಜ್ಜಿ" ಎಂದದ್ದಕ್ಕೆ ಅಜ್ಜಿ ವಾಪಸು ಕರೆದು, ಕೂರಿಸಿ, ನೀರು ಕುಡಿಸಿ, "ಹೋಗ್ತೀನಿ ಅನ್ನಬಾರದು ಕಂದಾ, ಬರ್ತೀನಿ ಅನ್ನು" ಎಂದು ಹೇಳಿಸಿ ಕಳಿಸಿದ್ದರು. ಹೋದವರು ಎಂದರೆ ನಮ್ಮಲ್ಲಿ ಸತ್ತವರು. ಹಾಗಾಗಿ ಆಲ್ಮಾರ ಜಗುಲಿಯ ಮೆಟ್ಟಿಲಿಳಿಯುವಾಗ ಪ್ರತಿ ವರ್ಷವೂ ಗೋವಿಂದರಾಜು ಕೈ ಕುಲುಕಿ ಹೇಳುತ್ತಿದ್ದದ್ದು ಒಂದೇ: "ಓಕೆ ಮಿಸ್ ಆಲ್ಮಾ, ಐ ವಿಲ್ ಕಮ್."

ಆಲ್ಮಾ ನಗುತ್ತ, "ಕಾಯ್ತಿರ್ತೀನಿ" ಎನ್ನುತ್ತಿದ್ದರು. ಮುಂದಿನ ವರ್ಷ ಪಿಕ್ನಿಕ್ ಬರುತ್ತಿತ್ತು, ಗೋವಿಂದರಾಜೂ ಬರುತ್ತಿದ್ದರು. ಯಾರಿಗೂ ಯಾವ ಅನುಮಾನಕ್ಕೂ ಕಾರಣವಿರಲಿಲ್ಲ.

ಹನ್ನೆರಡನೇ ಪಿಕ್ನಿಕ್ಕಿಗೆ ಹೋದಾಗ ಗೇಟಿನ ಕಂಬಕ್ಕೆ ಕೆಂಪು ಕಾಗದ ಅಂಟಿಸಿತ್ತು. ಗೋಪುರ ಅಪಾಯದ ಸ್ಥಿತಿಯಲ್ಲಿದೆ, ಕೆಡವಬೇಕಾಗಬಹುದು, ಯಾರೂ ಹತ್ತಿರ ಹೋಗಕೂಡದು ಎಂದು ಕೌಂಟಿಯ ಆಜ್ಞೆ. ಮಕ್ಕಳನ್ನು ಆಚೆಯ ಬಯಲಿಗೆ ಅಟ್ಟಿ ಕ್ರಿಕೆಟ್ ಆಡಲು ಬಿಟ್ಟರು. ಗೋವಿಂದರಾಜು ಜಗುಲಿಗೆ ಹೋದಾಗ ಆಲ್ಮಾ ಕಾಫಿ ಕೊಡಲಿಲ್ಲ, ನೇರ ವಿಷಯಕ್ಕೆ ಬಂದರು.

"ಗೋವಿಂದ್, ನೀವು ಚಿಮಣಿ ನೋಡೋ ಇಂಜಿನಿಯರ್ ಅಲ್ವಾ? ಇದನ್ನೂ ಒಂಚೂರು ನೋಡಿ. ಇರೋದನ್ನ ಇದ್ದ ಹಾಗೆ ಹೇಳಿ. ನಾನು ಅಳೋದಿಲ್ಲ."

ಕಾರಿನ ಡಿಕ್ಕಿಯಲ್ಲಿ ಸುತ್ತಿಗೆ ಯಾವಾಗಲೂ ಇರುತ್ತದೆ. ಗೋವಿಂದರಾಜು ಎರಡು ಗಂಟೆ ಆ ಗೋಪುರದ ಜೊತೆ ಕಳೆದರು. ನಾಲ್ಕು ಕಾಲುಗಳನ್ನು ಸುತ್ತಲೂ ತಟ್ಟಿದರು. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ದೊಪ್ ಎನ್ನುತ್ತದೆ. ಮೂರು ಕಾಲು ದೇವಸ್ಥಾನದ ಗಂಟೆಯ ಹಾಗೆ ಟಣ್ ಎಂದವು. ನಾಲ್ಕನೆಯದರ ಬುಡದಲ್ಲಿ ಮಾತ್ರ ಎರಡಡಿಯಷ್ಟು ದೊಪ್ ಎಂದಿತು. ಆ ಮೇಕೆ ಸಾಕುವ ಮನುಷ್ಯ ಯಾವ ಕಾಲೇಜಿಗೂ ಹೋಗದೆ ಎಂಥ ಕೆಲಸ ಮಾಡಿದ್ದಾನೆ ಎಂದು ಅವರಿಗೆ ನಿಜವಾಗಿ ಖುಷಿಯಾಯಿತು. ಕೈಯೊರೆಸಿಕೊಂಡು ಜಗುಲಿಗೆ ಬಂದರು.

"ಕೆಡವೋ ಅಂಥದ್ದು ಏನೂ ಆಗಿಲ್ಲ ಮಿಸ್ ಆಲ್ಮಾ. ಒಂದು ಕಾಲಿನ ಬುಡದಲ್ಲಿ ನೀರು ನಿಂತು ತುಕ್ಕು ಹಿಡಿದಿದೆ. ಅಷ್ಟು ಕತ್ತರಿಸಿ ಹೊಸ ತುಂಡು ಬೆಸೆದರೆ ಇನ್ನೂ ಮೂವತ್ತು ವರ್ಷ ನಿಲ್ಲುತ್ತೆ. ಒಂದು ವಾರದ ಕೆಲಸ."

ಆಲ್ಮಾ ಮೆಲ್ಲಗೆ ಹೇಳಿದರು, "ಇದನ್ನ ಸೀಲು ಇರೋ ಇಂಜಿನಿಯರ್ ಒಬ್ಬರು ಕೌಂಟಿಯವರ ಮುಂದೆ ನಿಂತು ಹೇಳಬೇಕಂತೆ. ನಾನು ಹೇಳಿದರೆ ಮುದುಕಿಯ ಮಾತು ಅಂತಾರೆ. ಈ ಗುರುವಾರ ಬೆಳಿಗ್ಗೆ ಹತ್ತಕ್ಕೆ, ಕೋರ್ಟ್‌ಹೌಸಿನ ಎರಡನೇ ಮಹಡಿ."

ಕೇಳಬಾರದ ಗಳಿಗೆಯಲ್ಲೇ ಎಲ್ಲವೂ ಒಟ್ಟಿಗೆ ಕೇಳಿಸುತ್ತದೆ. ಅನುರಾಧಾ ಕಾರಿನಿಂದ ಹಾರ್ನ್ ಹೊಡೆದರು. ಮಿಕ್ಕ ಬಿಸಿಬೇಳೆಬಾತಿನ ಡಬ್ಬ ಯಾರದು ಎಂದು ಪ್ರತಾಪ್ ಕೂಗುತ್ತಿದ್ದ. ಜೇಬಿನಲ್ಲಿ ಫೋನು ಗುರ್ ಎಂದಿತು. ಸೋಮವಾರ ರಿಫೈನರಿಯ ಒಂದು ಘಟಕ ಬಂದ್ ಮಾಡುವ ವಿಚಾರ, ಮೇಲಿನವರ ಮೆಸೇಜು. ಗೋವಿಂದರಾಜು ಕಣ್ಣು ಫೋನಿನ ಮೇಲೆ, ಕಾಲು ಚಪ್ಪಲಿಯಲ್ಲಿ, ಕಿವಿ ಎಲ್ಲಿತ್ತೋ ದೇವರೇ ಬಲ್ಲ. ಆಲ್ಮಾ ಸುದ್ದಿ ಹೇಳುತ್ತಿದ್ದಾರೆ ಎಂದುಕೊಂಡರೇ ಹೊರತು, ಕೇಳುತ್ತಿದ್ದಾರೆ ಎಂದುಕೊಳ್ಳಲಿಲ್ಲ. ಫೋನು ಜೇಬಿಗೆ ಹಾಕಿ, ಆಕೆಯ ಕೈ ಹಿಡಿದು, ಎಂದಿನ ಮಾತನ್ನು ಎಂದಿನ ಹಾಗೇ ಹೇಳಿದರು.

"ಓಕೆ ದೆನ್, ಮಿಸ್ ಆಲ್ಮಾ. ಐ ವಿಲ್ ಕಮ್."

ಸರಿ ಹಾಗಾದ್ರೆ, ಬರ್ತೀನಿ. ಅಷ್ಟೇ. ಆಲ್ಮಾ ಅವತ್ತು ಅವರ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ವಯಸ್ಸಾಯಿತು, ಪಾಪ ಎಂದುಕೊಂಡು ಗೋವಿಂದರಾಜು ಮೆಟ್ಟಿಲಿಳಿದರು.

ಕಾರಿನಲ್ಲಿ ಅನುರಾಧಾ ಕೇಳಿದರು, "ಏನಂದ್ರು?"

"ಕೌಂಟಿಲಿ ಏನೋ ಮೀಟಿಂಗ್ ಅಂತೆ."

"ಪಾಪ, ಒಂದು ಲೆಟರ್ ಆದ್ರೂ ಬರೆದುಕೊಡಿ. ಅಷ್ಟು ಹೊತ್ತು ತಟ್ಟಿ ನೋಡಿದ್ದೀರಿ."

"ನೋಡೋಣ" ಎಂದರು ಗೋವಿಂದರಾಜು. ಕನ್ನಡಿಗರ ಬಾಯಲ್ಲಿ ನೋಡೋಣ ಎಂದರೆ ಏನು ಎಂಬುದು ಅನುರಾಧಾಗೆ ಗೊತ್ತಿಲ್ಲದ್ದೇನಲ್ಲ.

ಮರುವರ್ಷ ಫೆಬ್ರವರಿಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಪ್ರತಾಪ್ ಫೋನ್ ಮಾಡಿದ.

"ಸರ್, ಈ ವರ್ಷ ಬೇರೆ ಜಾಗ ನೋಡಬೇಕು. ಜಾರುಬಂಡಿ ಇಲ್ಲ."

"ಇಲ್ಲ ಅಂದ್ರೆ?"

"ಜುಲೈನಲ್ಲೇ ಕೆಡವಿಬಿಟ್ರಂತೆ. ಬುಕಿಂಗ್‌ಗೆ ಅಂತ ಮಿಸ್ ಆಲ್ಮಾಗೆ ಫೋನ್ ಮಾಡಿದ್ದೆ. ನಿಮ್ಮನ್ನ ಕೇಳಿದ್ರು ಸರ್, ಗೋವಿಂದ್ ಹುಷಾರಾಗಿದ್ದಾರಾ ಅಂತ. ಫಸ್ಟ್ ಕ್ಲಾಸ್ ಆಗಿದ್ದಾರೆ, ಮೊನ್ನೆ ಸಂಕ್ರಾಂತಿ ಪ್ರೋಗ್ರಾಮಲ್ಲಿ ಹಾಡಿದ್ರು ಅಂದೆ. ಯಾಕೋ ಸುಮ್ಮನಾಗಿಬಿಟ್ರು. ನಿಮಗೇನಾದ್ರೂ ಆಗಿತ್ತಾ ಸರ್?"

"ಇಲ್ವಲ್ಲ" ಎಂದರು ಗೋವಿಂದರಾಜು. ಫೋನಿಟ್ಟ ಮೇಲೂ ಅದೇ ಪ್ರಶ್ನೆ ತಲೆಯಲ್ಲಿ ಕೊರೆಯಿತು. ನನಗೆ ಏನಾಗಬೇಕಿತ್ತು? ಆಕೆ ಯಾಕೆ ಹಾಗೆ ಕೇಳಿದರು? ಪಿಕ್ನಿಕ್ಕಿನ ದಿನವನ್ನು ಹಿಂದಿನಿಂದ ಮುಂದಕ್ಕೆ ನೆನಪು ಮಾಡಿಕೊಂಡರು. ಸುತ್ತಿಗೆ, ಜಗುಲಿ, ಹಾರ್ನು. ಗುರುವಾರ. ಹತ್ತು ಗಂಟೆ. ಎರಡನೇ ಮಹಡಿ. ಅದಕ್ಕೆ ತಾವು ಕೊಟ್ಟ ಉತ್ತರ ನೆನಪಾದಾಗ ಅವರು ಕೂತಿದ್ದ ಕಡೆಯಿಂದ ಎದ್ದು ನಿಂತರು.

ಆ ಗುರುವಾರ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಮೂರು ಸಲ ಕರೆ ಬಂದಿತ್ತು. ಮೂರನ್ನೂ ಕತ್ತರಿಸಿದ್ದರು. ಕಾರಿನ ವಾರಂಟಿ ಮಾರುವವರು ದಿನಕ್ಕೆ ಹತ್ತು ಸಲ ಕರೆಯುವ ಊರಿನಲ್ಲಿ ಗೊತ್ತಿಲ್ಲದ ನಂಬರನ್ನು ಯಾರು ಎತ್ತುತ್ತಾರೆ? ವಾಯ್ಸ್‌ಮೇಲನ್ನಂತೂ ಅವರು ವರ್ಷಕ್ಕೊಮ್ಮೆಯೂ ತೆರೆಯುವವರಲ್ಲ. ಈಗ ತೆರೆದರು. ಕೇಳದೆ ಬಿಟ್ಟ ಅರವತ್ತು ಚಿಲ್ಲರೆ ಮೆಸೇಜುಗಳ ನಡುವೆ ಆ ಮೂರೂ ಇದ್ದವು.

ಒಂಬತ್ತೂ ಐವತ್ತಕ್ಕೆ: "ಗೋವಿಂದ್, ನಾನು ಆಲ್ಮಾ. ಬಾಗಿಲ ಪಕ್ಕದ ಸಾಲಿನಲ್ಲೇ ಇದ್ದೀನಿ. ನಿಮಗೆ ಅಂತ ಪಕ್ಕದ ಕುರ್ಚಿ ಮೇಲೆ ನನ್ನ ಪರ್ಸ್ ಇಟ್ಟಿದ್ದೀನಿ."

ಹತ್ತೂ ಇಪ್ಪತ್ತಕ್ಕೆ: "ದಾರೀಲಿ ಏನಾದ್ರೂ ಆಕ್ಸಿಡೆಂಟ್ ಆಗಿ ಟ್ರಾಫಿಕ್ ನಿಂತಿರಬೇಕು. ಅವಸರ ಮಾಡಬೇಡಿ. ನನ್ನ ಇಂಜಿನಿಯರ್ ಬರ್ತಿದ್ದಾರೆ ಅಂದೆ, ಕಾಯೋಕೆ ಒಪ್ಪಿದ್ದಾರೆ."

ಹನ್ನೊಂದೂ ಐದಕ್ಕೆ ಬಂದದ್ದರಲ್ಲಿ ಮೊದಲು ಬರೀ ಮೌನ. ಹಿಂದೆ ಯಾರೋ ಗಂಡಸು ಮುಂದಿನ ಕೇಸಿನ ಹೆಸರು ಕರೆಯುತ್ತಿದ್ದ. ಆಮೇಲೆ ಆಕೆಯ ದನಿ: "ಗೋವಿಂದ್, ನೀವು ಚೆನ್ನಾಗಿದ್ದೀರಿ ತಾನೇ? ಅದೊಂದು ಹೇಳಿಬಿಡಿ. ಬೇರೇನೂ ಬೇಡ."

ಗೋವಿಂದರಾಜು ಅದನ್ನು ಅನುರಾಧಾಗೂ ಕೇಳಿಸಿದರು. ಅನುರಾಧಾ ಅದನ್ನು ಇನ್ನೊಂದು ಸಲ ಹಾಕಿಸಿ ಕೇಳಿದರು. ಆಮೇಲೆ, "ಹತ್ತು ತಿಂಗಳು ನೀವು ಸತ್ತಿದ್ದೀರಿ ಅಂದ್ಕೊಂಡು ಕ್ಷಮಿಸಿದ್ರೇನೋ. ಪ್ರತಾಪ ಬದುಕಿಸಿ ಕೆಡಿಸಿದ" ಎಂದರು. ತಮಾಷೆಯ ಮಾತು, ಆದರೆ ಇಬ್ಬರೂ ನಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಜ್ಜಿ ಇನ್ನೊಂದು ಪಾಠವನ್ನೂ ಹೇಳಿಕೊಟ್ಟಿದ್ದರು. ಅದನ್ನು ಮಾತ್ರ ನಾಲಗೆ ಕಲಿತಿರಲಿಲ್ಲ.

ಮುಂದಿನ ಶನಿವಾರ ಹೊರಟರು. ಒಬ್ಬರೇ ಹೋಗಲು ಧೈರ್ಯ ಸಾಲಲಿಲ್ಲ. ಆಸ್ಟಿನ್ನಿನಲ್ಲಿ ಓದುತ್ತಿದ್ದ ಇಂಚರಾಳನ್ನು ಹತ್ತಿಸಿಕೊಂಡರು. ದಾರಿಯಲ್ಲಿ ಎಲ್ಲ ಹೇಳಿದರು. ಇಂಚರಾ ಕನ್ನಡ ಪೂರ್ತಿ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಸೋ ಇಟ್ ವಾಸ್ ಜಸ್ಟ್ ಎ ಟ್ರಾನ್ಸ್‌ಲೇಷನ್ ಮಿಸ್ಟೇಕ್, ಅಪ್ಪಾ" ಎಂದಳು ಸಮಾಧಾನಕ್ಕೆ.

ಹಾಗೆಂದುಕೊಳ್ಳಲು ಅವರಿಗೂ ಆಸೆಯಿತ್ತು. ಇನ್ನೂರು ಮೈಲಿ ಅದನ್ನೇ ಅಂದುಕೊಂಡು ಬಂದಿದ್ದರು.

ಗುಡ್ಡದ ತಿರುವು ದಾಟಿದಾಗ ಆಕಾಶ ಖಾಲಿ ಕಂಡಿತು. ಗೋಪುರವಿದ್ದಲ್ಲಿ ನಾಲ್ಕು ಕಾಲಿನ ಮೋಟುಗಳು ನೆಲದಿಂದ ಒಂದಡಿ ಮೇಲೆ ಉಳಿದಿದ್ದವು. ಸೈರನ್ನನ್ನು ಕಿತ್ತು ರಸ್ತೆಬದಿಯ ಕಂಬಕ್ಕೆ ಕಟ್ಟಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಗೋವಿಂದರಾಜು ಕಾರಿನಿಂದಿಳಿದು ಒಂದೊಂದೇ ಮೋಟಿನ ಹತ್ತಿರ ಬಗ್ಗಿ ನೋಡಿದರು. ಗರಗಸ ಕೊಯ್ದ ಜಾಗದಲ್ಲಿ ಮೂರರ ಕಬ್ಬಿಣ ಇನ್ನೂ ಹೊಸದರ ಹಾಗೆ ದಪ್ಪಗಿತ್ತು.

ಆಲ್ಮಾ ಜಗುಲಿಯಲ್ಲಿ ಕೂತಿದ್ದರು. ಎರಡನೇ ಕುರ್ಚಿಯೂ ಬಿಡಿಸಿಯೇ ಇತ್ತು. ಇಂಚರಾ ಮೆಟ್ಟಿಲ ಮೇಲೆ ಕೂತಳು.

"ಚೆನ್ನಾಗಿದ್ದೀರಂತೆ. ಹಾಡು ಬೇರೆ ಹಾಡಿದಿರಂತೆ" ಎಂದರು ಆಲ್ಮಾ. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗೋವಿಂದರಾಜು ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು. ಮೈಸೂರಿನ ಅಜ್ಜಿಯಿಂದ ಶುರು ಮಾಡಿ, ಹೋಗ್ತೀನಿ ಎನ್ನಬಾರದು, ಬರ್ತೀನಿ ಎನ್ನಬೇಕು, ಅದು ನಮ್ಮ ಗುಡ್‌ಬೈ, ಅವತ್ತು ನಾನು ಹೇಳಿದ್ದು ಅದನ್ನೇ ಎಂದು ತಡವರಿಸುತ್ತ ವಿವರಿಸಿದರು. ಆಲ್ಮಾ ಕಣ್ಣು ಕಿರಿದು ಮಾಡಿಕೊಂಡು ಕೇಳಿದರು.

"ಅಂದ್ರೆ ಬರ್ತೀನಿ ಅಂದ್ರೆ ಹೋಗ್ತೀನಿ ಅಂತ."

"ಹೌದು."

"ಹನ್ನೊಂದು ಸಲ ಹೇಳಿದಿರಿ, ಹನ್ನೊಂದು ಸಲವೂ ಬಂದಿರಿ. ಕೊರೋನಾದಲ್ಲಿ ಎರಡು ವರ್ಷ ತಡವಾಯ್ತು, ಆದರೂ ಬಂದಿರಿ. ಬೇರೆ ಯಾರಾದ್ರೂ ಆಗಿದ್ರೆ ನಾನು ಹಿಂದಿನ ದಿನ ಫೋನ್ ಮಾಡಿ ನೆನಪು ಮಾಡ್ತಿದ್ದೆ. ನಿಮಗೆ ಯಾಕೆ ನೆನಪು ಮಾಡೋದು ಅಂದ್ಕೊಂಡೆ."

ಗೋವಿಂದರಾಜು ತಲೆ ತಗ್ಗಿಸಿದರು.

"ಸರಿ, ನಿಜವಾಗ್ಲೂ ಬರೋದಿದ್ದಾಗ ಏನಂತೀರಿ?" ಎಂದು ಆಲ್ಮಾ ಕೇಳಿದರು.

"ಆಗಲೂ ಬರ್ತೀನಿ ಅಂತಲೇ."

"ಮತ್ತೆ ಕೇಳಿದವರಿಗೆ ಹೇಗೆ ಗೊತ್ತಾಗುತ್ತೆ?"

"ಬಂದ ಮೇಲೆ ಗೊತ್ತಾಗುತ್ತೆ."

ಆಲ್ಮಾ ನಕ್ಕರು. ಎಂಬತ್ತೆರಡರ ಆ ನಗುವನ್ನು ನೋಡಲಾಗದೆ ಗೋವಿಂದರಾಜು ಬಯಲಿನ ಕಡೆ ತಿರುಗಿದರು. ಆ ಕಡೆ ನೋಡುತ್ತಲೇ ಹೇಳಿದರು.

"ಬರೀ ಭಾಷೆಯ ತಪ್ಪಲ್ಲ ಮಿಸ್ ಆಲ್ಮಾ. ಗುರುವಾರ ಅಂದದ್ದು ಕೇಳಿಸಿತ್ತು. ಏನು, ಎತ್ತ ಅಂತ ನಾನು ತಿರುಗಿ ಕೇಳಲಿಲ್ಲ. ಹೆಂಡತಿ ಲೆಟರ್ ಬರೆದುಕೊಡಿ ಅಂದಳು, ಬರೀಲಿಲ್ಲ. ನೀವು ಮೂರು ಸಲ ಫೋನ್ ಮಾಡಿದಿರಿ, ಕಟ್ ಮಾಡಿದೆ."

"ಫೋನ್ ಕಟ್ ಮಾಡೋ ಆ ಭಾಷೆ ನನಗೂ ಅರ್ಥ ಆಗುತ್ತೆ, ಗೋವಿಂದ್" ಎಂದರು ಆಲ್ಮಾ.

ಆಮೇಲೆ ಒಳಗೆ ಹೋಗಿ ಕಾಫಿ ತಂದರು. ಜೊತೆಗೆ ಕಂಕುಳಲ್ಲಿ ಒಂದು ಹಲಗೆ. ಕೆಡವಲು ಬಂದ ಹುಡುಗರು ಉಳಿಸಿಕೊಟ್ಟರಂತೆ, ದಾಖಲೆಯ ಹಲಗೆ. ಬಿಳಿ ಅಕ್ಷರ ಮಾಸಿತ್ತು. ನೂರ ಮೂವತ್ತೆಂಟು ಅಡಿ. ಅದರ ಮೇಲೆ ಒಂದು ಸಾಲಿನಷ್ಟು ಜಾಗವನ್ನು ತಂದೆ ಖಾಲಿ ಬಿಟ್ಟಿದ್ದರು.

"ಇಲ್ಲಿ ನಿಮ್ಮ ಹೆಸರು ನಾನು ಬರೆದುಕೊಡ್ಲಾ?" ಎಂದರು ಗೋವಿಂದರಾಜು.

"ಅಪ್ಪನೂ ಹಾಗೇ ಅಂತಿದ್ದರು" ಎಂದು ಆಲ್ಮಾ ಹಲಗೆಯನ್ನು ಗೋಡೆಗೆ ಒರಗಿಸಿದರು. ಇಂಚರಾಳ ಮುಂಗೈ ಹಿಡಿದು ಹಳೆಯ ಗಾಯದ ಗುರುತು ನೋಡಿ, ಇದು ನಮ್ಮ ಗುಡ್ಡದ್ದೇ ಅಲ್ವಾ ಎಂದು ವಿಚಾರಿಸಿದರು. ಮಾತು ಆ ಕಡೆ ಹೊರಳಿತು.

ಕಾಫಿ ಕುಡಿಯುತ್ತಿದ್ದಂತೆಯೇ ಗೋವಿಂದರಾಜು ಮನಸ್ಸಿನಲ್ಲೇ ತೀರ್ಮಾನ ಮಾಡಿಯಾಗಿತ್ತು. ಮುಂದಿನ ಶನಿವಾರ ಬಿಳಿ ಬಣ್ಣ, ಎರಡು ಸಣ್ಣ ಬ್ರಷ್ಷು ತರಬೇಕು. ಆಲ್ಮಾ, ನೂರ ನಲವತ್ತೊಂದು ಅಡಿ, ವರ್ಷ. ಯಾವ ತೀರ್ಪುಗಾರ ಬಂದು ಬೇಡ ಎನ್ನುತ್ತಾನೋ ನೋಡೇಬಿಡೋಣ. ಅದರಿಂದ ಗೋಪುರ ಏಳುವುದಿಲ್ಲ, ಅದು ಗೊತ್ತು. ಆದರೂ ಈ ಒಂದನ್ನು ಮಾಡಿಯೇ ತೀರಬೇಕು.

ಹೊರಡುವ ಹೊತ್ತಾಯಿತು. ಚಪ್ಪಲಿಗೆ ಕಾಲು ತೂರಿಸಿ, ಆಕೆಯ ಕೈ ಹಿಡಿದುಕೊಂಡರು. ಈ ಸಲ ಫೋನು ಕಾರಿನಲ್ಲೇ ಇತ್ತು, ಕಣ್ಣು ಆಕೆಯ ಮುಖದ ಮೇಲಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ಆ ಮಾತಿನ ಒಂದೊಂದು ಅಕ್ಷರವನ್ನೂ ತೂಗಿ ಹೇಳಿದರು.

"ಮಿಸ್ ಆಲ್ಮಾ, ಐ ವಿಲ್ ಕಮ್."

ಆಲ್ಮಾಗೆ ಅರ್ಥವಾಯಿತು. ಹೊಸದಾಗಿ ಕಲಿತ ಪಾಠವನ್ನು ಮರೆಯದೆ ಒಪ್ಪಿಸುವವರ ಹಾಗೆ ತಲೆಯಾಡಿಸಿ, ಅವರ ಕೈಯನ್ನು ಮೃದುವಾಗಿ ತಟ್ಟಿದರು.

"ಗುಡ್‌ಬೈ, ಗೋವಿಂದ್" ಎಂದರು.

ಇಲ್ಲ, ಶನಿವಾರ, ನಿಜವಾಗಿ ಎಂದು ಹೇಳಲು ಗೋವಿಂದರಾಜು ಬಾಯಿ ತೆರೆದರು. ಅಷ್ಟರಲ್ಲಿ ಆಲ್ಮಾ ಆಗಲೇ ತಿರುಗಿದ್ದರು. ಇಂಚರಾ ಕಾರು ಹಿಂದಕ್ಕೆ ತೆಗೆಯುವಾಗ ಗೋವಿಂದರಾಜು ಕಿಟಕಿಯಿಂದ ನೋಡಿದರು. ಆಲ್ಮಾ ಎರಡನೇ ಕುರ್ಚಿಯನ್ನು ಮಡಚಿ, ಧೂಳು ಒರೆಸಿ, ಒಳಗೆ ತೆಗೆದುಕೊಂಡು ಹೋಗುತ್ತಿದ್ದರು.